ತಾಯಿಯ ಸಕ್ಕರೆ, ಮಗುವಿನ ಮೈ

ಬಸುರಿ ಇದ್ದಾಗ ನಮಗೆ ಸಕ್ಕರೆ ಪರೀಕ್ಷೆ ಮಾಡ್ತಾರೆ. ತಾಯಿಗೆ ಸಕ್ಕರೆ ಹೆಚ್ಚಿದ್ದರೆ ಮಗುವಿಗೆ ಮುಂದೆ ಏನಾಗುತ್ತೆ? ತಿಳಿಯಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಮೈಸೂರಿನಲ್ಲಿ ಹಾಗೇ ಕಾದರು.

1997-98ರಲ್ಲಿ ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 830 ಬಸುರಿಯರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಹುಟ್ಟಿದ ಕೂಸುಗಳನ್ನು ತೂಗಿದರು, ಅಳೆದರು. ಅಷ್ಟಕ್ಕೇ ಬಿಡಲಿಲ್ಲ ನೋಡಿ! 5 ವರ್ಷಕ್ಕೆ, ಹದಿಹರೆಯಕ್ಕೆ, 18 ತುಂಬಿದ ಮೇಲೂ ಅದೇ ಮಕ್ಕಳನ್ನು ಕರೆದು ನೋಡಿದರು. ಇದು ಸುಲಭವಲ್ಲ. ಓದು, ಕೆಲಸ, ಮದುವೆ ಅಂತ ಮಕ್ಕಳು ಊರು ಬಿಡ್ತಾರಲ್ಲ.

ಕೆಲವು ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಇತ್ತು. ಅವರ ಹೆಣ್ಣುಮಕ್ಕಳ ಮೈಯಲ್ಲಿ 5ನೇ ವರ್ಷಕ್ಕೇ ಕೊಬ್ಬು ಜಾಸ್ತಿ ಇತ್ತು. ಹದಿಮೂರೂವರೆ ವರ್ಷಕ್ಕೆ ಮಕ್ಕಳಿಂದ ಅಪರಿಚಿತರ ಮುಂದೆ ಕತೆ ಹೇಳಿಸಿದರು, ಬಾಯಿಲೆಕ್ಕ ಮಾಡಿಸಿದರು. ಹೆದರಿಕೆ ಯಾರಿಗಿಲ್ಲ? ಆದರೆ ಆ ತಾಯಂದಿರ ಮಕ್ಕಳ ರಕ್ತದ ಒತ್ತಡ ಉಳಿದವರಿಗಿಂತ ಹೆಚ್ಚು ಏರಿತು.