ಹದಿನೆಂಟು ದಿನದ ಸಿಂಹಳ, ಐದು ವರ್ಷದ ಪಾಸ್‌ಬುಕ್

ವಿದೇಶಕ್ಕೆಂದು ದುಡ್ಡು ಕೂಡಿಡುವುದನ್ನು ನಾನು ಮೊದಲು ಕಂಡದ್ದು ಆಳಂದದ ನಮ್ಮ ಓಣಿಯ ಚಾಚಾ ಅವರಲ್ಲಿ. ಹೊಲಿಗೆ ಅಂಗಡಿ ಅವರದು. ಹಜ್ ಯಾತ್ರೆಗೆಂದು ವಾರಕ್ಕಿಷ್ಟು ತೆಗೆದಿಡುತ್ತ ಹದಿನಾಲ್ಕು ವರ್ಷ ಕಾದರು. ಅಂಗಡಿ ಎಷ್ಟೇ ಸಡಿಲಾದರೂ ಆ ಹಣಕ್ಕೆ ಕೈ ಹಾಕಲಿಲ್ಲ. ಹೋದವರು ನಲವತ್ತು ದಿನ ಇದ್ದು ಬಂದರು. ಬಂದ ಮೇಲೆ ಅವರು ಹೇಳಿದ್ದರಲ್ಲಿ ನನಗೆ ಉಳಿದದ್ದು ಒಂದೇ: ಸಾಲದ ಚಿಂತೆ ಇಲ್ಲದ್ದಕ್ಕೆ ಅಲ್ಲಿ ಮನಸ್ಸು ನಿಂತಿತ್ತು.

2020ರ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಅಂಚೆ ಕಚೇರಿಯಲ್ಲಿ ತಿಂಗಳಿಗೆ ಮೂರು ಸಾವಿರದ ಆರ್‌ಡಿ ತೆರೆದೆವು. ನಾನಾಗ ಹೈಸ್ಕೂಲು ಮಾಸ್ತರ; ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಬಡ್ಡಿ ಶೇ 7.2 ಇತ್ತು. ಅದೇ ಏಪ್ರಿಲ್‌ನಲ್ಲಿ ಹೊಸ ಖಾತೆಗಳಿಗೆ ಅದು ಶೇ 5.8ಕ್ಕೆ ಇಳಿಯಿತು. ತೆರೆದ ದಿನದ ದರವೇ ಐದು ವರ್ಷವೂ ನಡೆಯುವುದರಿಂದ ನಮ್ಮದು ಉಳಿಯಿತು. ಕಟ್ಟಿದ್ದು 1,80,000, ಕೈಗೆ ಬಂದದ್ದು ಸುಮಾರು 2.17 ಲಕ್ಷ.

ಹೊಲದ ದುಡ್ಡನ್ನು ಇದಕ್ಕೆ ಬೆರೆಸಲಿಲ್ಲ. ತೊಗರಿ ಬೆಳೆಯುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. 2022ರ ಕೊನೆಗೆ ನೆಟೆ ರೋಗ ಬಂದು ನಿಂತ ಬೆಳೆ ಒಣಗಿ ಹೋಯಿತು. 2024ರ ಆರಂಭದಲ್ಲಿ ಕ್ವಿಂಟಲಿಗೆ ಹತ್ತು ಸಾವಿರದ ಆಸುಪಾಸು ಮಾರಿದ್ದು ಮುಂದಿನ ರಾಶಿಗೆ 7,550ರ ಬೆಂಬಲ ಬೆಲೆಯ ಸುತ್ತ ಬಂದು ನಿಂತಿತು. ಇಂಥ ಆದಾಯದ ಮೇಲೆ ಟಿಕೆಟ್ ತೆಗೆಸಿದವನು ಅಡತಿಯಲ್ಲಿ ಉಚಲ್ ಕೇಳಬೇಕಾಗುತ್ತದೆ. ಸಂಬಳವಿಲ್ಲದ ರೈತರು ತಿಂಗಳ ಕಂತಿಗೆ ಕಟ್ಟಿಬೀಳುವುದು ಬೇಡ. ಪಟ್ಟಿ ಕೈಗೆ ಬಂದ ದಿನ ಇಪ್ಪತ್ತು ಚೀಲಕ್ಕೆ ಒಂದು ಚೀಲದ ದುಡ್ಡು ಬೇರೆ ಠೇವಣಿ ಮಾಡಿ. ಬೆಳೆ ಕೈಕೊಟ್ಟ ವರ್ಷ ಏನೂ ಇಡಬೇಡಿ, ಪ್ರವಾಸ ಒಂದು ವರ್ಷ ಮುಂದೆ ಹೋಗಲಿ.

ಇಷ್ಟರಲ್ಲಿ ಜೇವರ್ಗಿಯ ಅಕ್ಕ–ಭಾವ ಸಿಂಗಪುರ, ಮಲೇಷ್ಯಾಕ್ಕೆ ಹೋಗಿಬಂದರು. 2024ರ ಜನವರಿಯಲ್ಲಿ ಒಬ್ಬ ಏಜೆಂಟನಿಗೆ ಇಬ್ಬರದೂ ಸೇರಿ 3.4 ಲಕ್ಷ ಕಟ್ಟಿದ್ದರು. ಮೇಲೆ ಟಿಸಿಎಸ್ ಎಂದು 17,000. ಏಳು ದಿನಕ್ಕೆ ಒಟ್ಟು 3.57 ಲಕ್ಷ, ಅಂದರೆ ದಿನಕ್ಕೆ 51,000. ‘ಬಸ್ಸಿನ ಕಿಟಕಿ ಚಲೋ ನೋಡೀನಿ ತಮ್ಮಾ, ಊರು ನೋಡಿಲ್ಲ’ ಅಂದಳು ಅಕ್ಕ. ಆ ಹದಿನೇಳು ಸಾವಿರದ ಬಗ್ಗೆ ಕೇಳಿದರೆ ಭಾವ, ‘ಅದು ಸರ್ಕಾರದ ಪಾಲು ಮಾಸ್ತರ, ಹೋತು ಅಂತ ಬಿಟ್ಟೀನಿ’ ಅಂದರು. ಅದು ವಾಪಸ್ ಬರುವುದಿಲ್ಲ ಎಂದು ಏಜೆಂಟನೇ ಹೇಳಿದ್ದನಂತೆ.

ನನಗೆ ಸಂಕಟವಾಯಿತು. ಟಿಸಿಎಸ್ ಎಂದರೆ ಮುಂಗಡ ಹಿಡಿದುಕೊಂಡ ತೆರಿಗೆ, ಕಟ್ಟಿದವರ ಪ್ಯಾನ್ ಹೆಸರಿನಲ್ಲೇ ಜಮೆ ಇರುತ್ತದೆ. 26ಎಎಸ್ ಪಟ್ಟಿ ತೆಗೆದರೆ ಕಾಣುತ್ತದೆ. ಭಾವನವರದು ಪೂರಾ ಬೇಸಾಯದ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಹದಿನೇಳು ಸಾವಿರವೂ ಅವರದೇ. ಆದರೆ ರಿಟರ್ನ್ ಸಲ್ಲಿಸದೆ ಬರುವುದಿಲ್ಲ, ಅವರೋ ಜನ್ಮದಲ್ಲಿ ರಿಟರ್ನ್ ತುಂಬಿದವರಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಒಂದು ವರ್ಷದಲ್ಲಿ ವಿದೇಶ ಪ್ರಯಾಣಕ್ಕೆ, ತನಗಾಗಲಿ ಬೇರೆಯವರಿಗಾಗಲಿ, 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದವರು ಆದಾಯ ಎಷ್ಟೇ ಕಡಿಮೆ ಇರಲಿ ರಿಟರ್ನ್ ಸಲ್ಲಿಸಲೇಬೇಕು. ನಮ್ಮ ಕಡೆಯ ರೈತರಲ್ಲಿ ಇದು ಬಹಳ ಮಂದಿಗೆ ಗೊತ್ತಿಲ್ಲ. ಬೇಸಾಯದ ಆದಾಯ 5,000 ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ತುಂಬಬೇಕು. ಜುಲೈ 31ರೊಳಗೆ ನಾನೇ ಕೂತು ತುಂಬಿಸಿದೆ. ದೀಪಾವಳಿಗೆ ಮುಂಚೆ ದುಡ್ಡು ಭಾವನವರ ಖಾತೆಗೆ ಬಂತು.

ಆಗಿನ ದರ ಪ್ಯಾಕೇಜಿಗೆ 7 ಲಕ್ಷದವರೆಗೆ ಶೇ 5, ಮೇಲಿನದಕ್ಕೆ ಶೇ 20. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷಕ್ಕೇರಿತು. ಬಜೆಟ್ ಬಂದಾಗೆಲ್ಲ ಇದು ಬದಲಾಗುತ್ತಿರುವುದರಿಂದ ದುಡ್ಡು ಕಟ್ಟುವ ಮುಂಚೆ ಆ ವರ್ಷದ ದರ ಕೇಳಿಕೊಳ್ಳಿ.

ನಾವು ಪ್ಯಾಕೇಜ್ ಬಿಟ್ಟು 2025ರ ಮಾರ್ಚ್‌ನಲ್ಲಿ ಶ್ರೀಲಂಕಾಕ್ಕೆ ಹೊರಟೆವು. ರಾಶಿ ಮುಗಿದಿತ್ತು, ಬಿತ್ತನೆಗೆ ಜೂನ್ ಬರಬೇಕು. ಒಕ್ಕಲುತನದವರ ಕೈಯಲ್ಲಿ ದಂಡಿಯಾಗಿರುವುದು ಈ ಬಿಡುವಿನ ದಿನಗಳೇ. ನೌಕರಿಯವನು ಒಂದು ವಾರದ ರಜೆಗಾಗಿ ವಿಮಾನಕ್ಕೂ ದೊಡ್ಡ ಹೋಟೆಲಿಗೂ ಸುರಿಯುವ ದುಡ್ಡನ್ನು ನಾವು ದಿನ ಕೊಟ್ಟು ಉಳಿಸಬಹುದು. ಕಲಬುರಗಿಯಿಂದ ಚೆನ್ನೈಗೆ ರೈಲು, ಅಲ್ಲಿಂದ ನಾಗಪಟ್ಟಣ. 2023ರ ಅಕ್ಟೋಬರ್‌ನಲ್ಲಿ ಶುರುವಾಗಿ, ನಿಂತು, ಮತ್ತೆ ಓಡುತ್ತಿದ್ದ ಹಡಗಿನಲ್ಲಿ ನಾಲ್ಕು ಗಂಟೆ ಕೂತರೆ ಕಂಕೇಶನ್‌ತುರೈ. ಹೋಗಿಬರಲು ಇಬ್ಬರಿಗೂ ಸೇರಿ ಹದಿನೇಳು ಸಾವಿರದಷ್ಟು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅಫಜಲಪುರದ ತವರಿನಿಂದ ನನ್ನ ಅತ್ತೆಯವರು ಕಟ್ಟಿಕೊಟ್ಟದ್ದು ಒಂದು ವಾರ ನಡೆಯಿತು.

ಜಾಫ್ನಾದಲ್ಲಿ ಐದು ದಿನ ಇದ್ದೆವು. 1981ರಲ್ಲಿ ಸುಟ್ಟು ಮತ್ತೆ ಕಟ್ಟಿದ ಗ್ರಂಥಾಲಯದ ಮೆಟ್ಟಿಲ ಮೇಲೆ ನಾನು ಅರ್ಧ ದಿನ ಕೂತೆ. ದೋಣಿ ಹತ್ತಿ ನೈನಾತೀವು ದ್ವೀಪದ ಅಮ್ಮನ ಗುಡಿಗೆ ಹೋದೆವು. ಆಮೇಲೆ ಬಸ್ಸು: ಅನುರಾಧಪುರ, ಪೊಲೊನ್ನರುವ, ಕ್ಯಾಂಡಿ. ಪೊಲೊನ್ನರುವಕ್ಕೆ ಎರಡು ದಿನ ಎಂದುಕೊಂಡವರು ಐದು ದಿನ ಉಳಿದೆವು. ಹನ್ನೆರಡನೇ ಶತಮಾನದಲ್ಲಿ ಪರಾಕ್ರಮಬಾಹು ವಿಸ್ತರಿಸಿ ಕಟ್ಟಿಸಿದ ಕೆರೆ ಈಗಲೂ ಗದ್ದೆಗೆ ನೀರು ಕೊಡುತ್ತಿದೆ. ಸಮುದ್ರ ಎಂದೇ ಅದರ ಹೆಸರು. ಬೇಸಿಗೆಗೆ ಭೀಮೆ ಒಣಗುವುದನ್ನು ನೋಡುತ್ತಲೇ ಬೆಳೆದ ನನ್ನ ಹೆಂಡತಿ ಆ ಏರಿಯ ಮೇಲೆ ಕೂತು, ‘ನಾಳಿನೂ ಇಲ್ಲೇ ಇರಾಮು’ ಅಂದಳು. ಮುಂಗಡ ಕಟ್ಟಿದ ಹೋಟೆಲ್ ಮುಂದಿನೂರಲ್ಲಿ ಕಾಯುತ್ತಿದ್ದರೆ ಇರಲಾಗುತ್ತಿರಲಿಲ್ಲ.

ಇಳಿದುಕೊಂಡದ್ದು ಒಂದು ರೈತರ ಮನೆಯ ಕೋಣೆಯಲ್ಲಿ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರೂವರೆಯ ಹತ್ತಿರ ಸಿಗುತ್ತಿತ್ತು, ಕೋಣೆಗೆ ದಿನಕ್ಕೆ ನಮ್ಮ 1,600 ಬಿತ್ತು. ಮಧ್ಯಾಹ್ನ ಕೆಂಪು ಬೇಳೆಯ ಸಾರು ಬಡಿಸಿದ ಮನೆಯೊಡತಿ ಅದಕ್ಕೆ ‘ಮೈಸೂರು ಪರಿಪ್ಪು’ ಅಂದಾಗ ಇವಳಿಗೆ ಅದೆಷ್ಟು ಖುಷಿ! ಚೀಲದಲ್ಲಿದ್ದ ಒಂದು ಕಿಲೊ ತೊಗರಿಬೇಳೆಯನ್ನು ಅವರಿಗೆ ಕೊಟ್ಟಳು. 2022ರ ಮಾತು ಬಂದಾಗ ಮನೆಯ ಯಜಮಾನರ ದನಿ ಸಣ್ಣದಾಯಿತು. ಆ ವರ್ಷ ಡಾಲರಿಗೆ 200ರಷ್ಟಿದ್ದ ಅವರ ರೂಪಾಯಿ ಕೆಲವೇ ತಿಂಗಳಲ್ಲಿ 360ಕ್ಕೆ ಕುಸಿಯಿತು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70ರ ಸಮೀಪ. ಮಗಳ ಓದಿಗೆಂದು ಬ್ಯಾಂಕಿನಲ್ಲಿಟ್ಟದ್ದು ಅಲ್ಲೇ ಇತ್ತು, ಅದಕ್ಕೆ ಏನೂ ಬರದಂತಾಯಿತು. ಆ ಸಂಜೆ ಅವರೊಡನೆ ಬಾಡಿಗೆಯ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಒಂದು ತಪ್ಪು ಮಾಡಿದೆ. ಕ್ಯಾಂಡಿಯ ಅಂಗಡಿಯೊಂದರಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರ ‘ಭಾರತದ ರೂಪಾಯಿಯೋ, ಇಲ್ಲಿನ ರೂಪಾಯಿಯೋ’ ಎಂದು ಕೇಳಿತು. ನಮ್ಮದೇ ಇರಲಿ ಎಂದು ಒತ್ತಿದೆ. ಅವರು ಹಾಕಿದ ವಿನಿಮಯ ದರದಲ್ಲಿ ನೂರಕ್ಕೆ ಐದು ರೂಪಾಯಿ ಹೋಯಿತು. ಯಾವ ದೇಶದಲ್ಲಿದ್ದರೂ ಅಲ್ಲಿನ ಹಣವನ್ನೇ ಒತ್ತಬೇಕು. ಹೊರಡುವ ಮುಂಚೆ ಡಾಲರ್ ಕೊಳ್ಳುವವರು 50,000ದ ಮೇಲಿನ ಮೊತ್ತವನ್ನು ನಗದಿನಲ್ಲಿ ಕೊಡಲಾಗದು, ಖಾತೆಯಿಂದಲೇ ಕಟ್ಟಬೇಕು.

ಕೋಣೆಗೆ 27,000, ಊಟಕ್ಕೆ 21,000, ಅಲ್ಲಿನ ಓಡಾಟಕ್ಕೆ 14,000, ಹಳೆಯ ನಗರಗಳ ಪ್ರವೇಶಕ್ಕೆ 11,000. ಹಡಗು, ರೈಲು, ಇಬ್ಬರ ಪಾಸ್‌ಪೋರ್ಟ್, ವಿಮೆ, ಮೊಮ್ಮಕ್ಕಳ ಸಾಮಾನು ಎಲ್ಲ ಸೇರಿ ಹದಿನೆಂಟು ದಿನಕ್ಕೆ 1.15 ಲಕ್ಷ ಮುಟ್ಟಿತು. ದಿನಕ್ಕೆ ಇಬ್ಬರಿಗೂ 6,400.

ದಕ್ಷಿಣದ ತುದಿಯ ಗಾಲೆ ಕೋಟೆ ನೋಡದೆ ಉಳಿಯಿತು. ಉಳಿದ ಒಂದು ಲಕ್ಷವನ್ನು ಠೇವಣಿ ಮಾಡಿ, ಏಪ್ರಿಲ್‌ನಲ್ಲಿ ಅದೇ ಅಂಚೆ ಕಚೇರಿಯಲ್ಲಿ ಇನ್ನೊಂದು ಆರ್‌ಡಿ ತೆರೆದೆವು. ಈಗ ಬಡ್ಡಿ ಶೇ 6.7. ಪಾಸ್‌ಬುಕ್ಕಿನ ಮೇಲುಹೊದಿಕೆಯಲ್ಲಿ ಇವಳು ಪೆನ್ಸಿಲಿನಿಂದ ‘ಗಾಲೆ’ ಎಂದು ಬರೆದಿಟ್ಟಿದ್ದಾಳೆ. ಕಳೆದ ವಾರ ಅಕ್ಕ ಜೇವರ್ಗಿಯಿಂದ ಫೋನು ಮಾಡಿದ್ದಳು. ಭಾವನವರು ಹದಿನೇಳು ಸಾವಿರವನ್ನು ಮುಟ್ಟದೆ ಇಟ್ಟಿದ್ದಾರಂತೆ, ‘ಹಡಗಿನ ಟಿಕೆಟ್‌ಗೆ ಸಾಲತದೇನು?’ ಎಂದು ಕೇಳಿದಳು.