ಗಾಲಿಕುರ್ಚಿಯವರ ರೈಲು ಪ್ರಯಾಣ

ನೆಂಟರ ಮದುವೆಗೆ ಮನೆಮಂದಿಯೆಲ್ಲ ಹೊರಟಾಗ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವ ಮಗನನ್ನೋ ತಮ್ಮನನ್ನೋ ಮನೆಯಲ್ಲೇ ಬಿಟ್ಟುಹೋಗುವವರಿದ್ದಾರೆ. ಕರೆದೊಯ್ದರೂ, ಹಿಂದಿನ ರಾತ್ರಿಯಿಂದಲೇ ಆತ ನೀರು ಕುಡಿಯುವುದನ್ನು ನಿಲ್ಲಿಸಿರುತ್ತಾನೆ. ರೈಲಿನ ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸುವುದಿಲ್ಲವೆಂದು ಅವನಿಗೆ ಗೊತ್ತು.

ಇದು ಒಳ್ಳೆಯದಲ್ಲ. ನೀರು ಕಡಿಮೆಯಾದರೆ ಮೂತ್ರಕೋಶದಲ್ಲಿ ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಸ್ಪರ್ಶಜ್ಞಾನವಿಲ್ಲದವರಿಗೆ ಉರಿ ತಿಳಿಯದು. ಚಳಿಜ್ವರ ಬಂದಾಗಲೇ ಗೊತ್ತಾಗುವುದು. ವೈದ್ಯರು ಬೇರೆ ಹೇಳಿರದಿದ್ದರೆ ಎಂದಿನಷ್ಟೇ ನೀರು ಕುಡಿಯಲಿ. ಕೊಳವೆ ಹಾಕಿ ಮೂತ್ರ ತೆಗೆಯುವವರು, ವೈದ್ಯರು ಹೇಳಿದ ವೇಳೆಗೆ, ಒಂದು ಬೆಡ್‌ಶೀಟು ಅಡ್ಡ ಹಿಡಿದು ಆಸನದಲ್ಲೇ ತೆಗೆಯಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಲ್ಕು ಕೊಳವೆ ಹೆಚ್ಚಿಗೆ ಇರಲಿ.

ಎದೆಯ ಮಧ್ಯಕ್ಕಿಂತ ಮೇಲೆ ಬೆನ್ನುಹುರಿ ಪೆಟ್ಟು ತಿಂದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂತ್ರಕೋಶ ತುಂಬಿ ಬಿಗಿದರೆ ರಕ್ತದೊತ್ತಡ ಒಮ್ಮೆಲೇ ಏರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪೇರುವುದು, ಬೆವರು ಇದರ ಸೂಚನೆ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಕೊಳವೆ ಇದ್ದರೆ ಮಡಿಚಿಕೊಂಡಿದೆಯೇ ನೋಡಿ, ಇಲ್ಲದಿದ್ದರೆ ಕೂಡಲೇ ಮೂತ್ರ ತೆಗೆಸಿ. ಆಗಲೂ ಇಳಿಯದಿದ್ದರೆ 139ಕ್ಕೆ ಫೋನ್ ಮಾಡಿ, ಮುಂದಿನ ನಿಲ್ದಾಣಕ್ಕೆ ವೈದ್ಯರನ್ನು ಕರೆಸಿ.

ಅನೇಕ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಗಾರ್ಡ್ ಡಬ್ಬಿಗೆ ಸೇರಿದಂತೆ ಅಂಗವಿಕಲರಿಗೆಂದೇ ಜಾಗವಿರುತ್ತದೆ. ಬಾಗಿಲು ಅಗಲ, ಶೌಚಾಲಯದಲ್ಲಿ ಹಿಡಿಕೆಗಳೂ ಇರುತ್ತವೆ. ಆದರೆ ಅದು ರೈಲಿನ ತುದಿ. ಎರಡೇ ನಿಮಿಷ ನಿಲ್ಲುವ ಊರಿನಲ್ಲಿ ಪ್ಲಾಟ್‌ಫಾರಂನ ಯಾವ ಕೊನೆಗೆ ಬರುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ಸ್ಲೀಪರ್ ದರದಲ್ಲಿ ಶೇಕಡ 75 ರಿಯಾಯಿತಿ ಉಂಟು, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಇದಕ್ಕೆ ಸರ್ಕಾರಿ ವೈದ್ಯರ ಪ್ರಮಾಣಪತ್ರದ ಮೇಲೆ ರೈಲ್ವೆಯ ಗುರುತಿನ ಚೀಟಿ ಮಾಡಿಸಿಕೊಂಡಿರಬೇಕು.

ಎಲ್ಲರೂ ಮರೆಯುವುದು ಕುರ್ಚಿಯ ಮೆತ್ತೆಯನ್ನು. ಕುರ್ಚಿ ಮಡಚಿ ಮೂಲೆಗಿಡುತ್ತಾರೆ, ಮೆತ್ತೆಯೂ ಅಲ್ಲೇ ಉಳಿಯುತ್ತದೆ, ಮನುಷ್ಯ ಗಟ್ಟಿ ಆಸನದ ಮೇಲೆ ಎಂಟು ಗಂಟೆ! ಮೆತ್ತೆಯನ್ನು ಆಸನದ ಮೇಲೆ ಹಾಕಿ ಕೂರಿಸಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಲಿ. ಆಗದವರನ್ನು ಪಕ್ಕಕ್ಕೆ ವಾಲಿಸಿ ಹಿಡಿಯಿರಿ. ಊರು ಸೇರಿದೊಡನೆ ಪೃಷ್ಠ, ಹಿಮ್ಮಡಿ ನೋಡಿ. ಚರ್ಮದ ಕೆಂಪು ಅಥವಾ ಕಪ್ಪು ಛಾಯೆ ಅರ್ಧ ಗಂಟೆಯಾದರೂ ಹೋಗದಿದ್ದರೆ ಅದು ಹುಣ್ಣಿನ ಮೊದಲ ಗುರುತು. ಅದು ಮಾಯುವವರೆಗೆ ಆ ಭಾಗದ ಮೇಲೆ ಭಾರ ಬೀಳಬಾರದು, ಮದುವೆಯಲ್ಲಿ ಅರ್ಧ ಹೊತ್ತು ಮಲಗಬೇಕಾಗಿ ಬಂದರೂ ಸರಿ.

ಉಳಿಯುವ ಲಾಡ್ಜಿಗೆ ಫೋನ್ ಮಾಡಿದರೆ “ಲಿಫ್ಟ್ ಇದೆ ಸಾರ್” ಎನ್ನುತ್ತಾರೆ. ಲಿಫ್ಟಿಗೆ ಮುಂಚೆ ಎಷ್ಟು ಮೆಟ್ಟಿಲು, ಬಚ್ಚಲ ಬಾಗಿಲು ಎಷ್ಟು ಅಂಗುಲ ಎಂದು ಕೇಳಿ. ಫೋನ್ ಮಾಡುವ ಮುನ್ನ ನಿಮ್ಮ ಕುರ್ಚಿಯನ್ನು ಚಕ್ರದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದಿಟ್ಟುಕೊಳ್ಳಿ.