ಒಂದೇ ಕಾಯಿಲೆ, ಎರಡು ಬಾಗಿಲು

ಹದಿನಾರು ವರ್ಷದ ಇಬ್ಬರು ಹುಡುಗರು ಅಂದುಕೊಳ್ಳಿ. ಇಬ್ಬರೂ ಯಾರನ್ನೋ ಹೊಡೆದು ಗಾಯ ಮಾಡಿದ್ದಾರೆ. ಇಬ್ಬರಿಗೂ ಬೇರೆ ಯಾರಿಗೂ ಕೇಳದ ದನಿಗಳು ಕೇಳಿಸುತ್ತವೆ. ಒಬ್ಬನನ್ನು ಮನೋರೋಗ ಆಸ್ಪತ್ರೆಗೆ ಸೇರಿಸ್ತಾರೆ, ಇನ್ನೊಬ್ಬನನ್ನು ಬಾಲಾಪರಾಧಿಗಳ ಕೇಂದ್ರಕ್ಕೆ ಕಳಿಸ್ತಾರೆ. ಯಾಕೆ?

1980ರಲ್ಲಿ ಅಮೆರಿಕದ ಮನೋವೈದ್ಯೆ ಡೊರೊಥಿ ಲೂಯಿಸ್ ಮತ್ತು ಸಂಗಡಿಗರು ಇಂಥದ್ದೇ ಪ್ರಶ್ನೆ ಹಿಡಿದು ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಗೆ ಹೋದವರನ್ನೂ ಬಂಧನಕ್ಕೆ ಹೋದವರನ್ನೂ ಹೋಲಿಸಿದಾಗ ಎರಡು ಗುಂಪುಗಳ ಹಿಂಸೆ, ಕಾಯಿಲೆಯ ಲಕ್ಷಣ ಹೆಚ್ಚುಕಮ್ಮಿ ಒಂದೇ ತರ ಇದ್ದವು. ಎದ್ದು ಕಂಡ ವ್ಯತ್ಯಾಸ ಮೈಬಣ್ಣದ್ದು. ಆಸ್ಪತ್ರೆಯಲ್ಲಿ ಬಿಳಿಯರು ಹೆಚ್ಚು, ಬಂಧನದಲ್ಲಿ ಕರಿಯರು ಹೆಚ್ಚು. ಒಬ್ಬನ ಸಿಟ್ಟು ರೋಗ ಅನ್ನಿಸಿಕೊಂಡಿತು, ಇನ್ನೊಬ್ಬನದು ಕೆಟ್ಟತನ.

ಹಾಗಾದರೆ ಕರಿಯ ಮಕ್ಕಳು ಎಲ್ಲ ಕಡೆ ಆಸ್ಪತ್ರೆಯಲ್ಲಿ ಕಡಿಮೆ ಇರ್ತಾರಾ? ಇಲ್ಲ. ಲಂಡನ್ನಿನ 13ರಿಂದ 17 ವರ್ಷದ ಒಳರೋಗಿಗಳ ಬಗ್ಗೆ 2004ರಲ್ಲಿ ಟೋಲ್ಮಾಕ್ ಮತ್ತು ಹೋಡ್ಸ್ ಬರೆದದ್ದು ಉಲ್ಟಾ ಚಿತ್ರ: ಸೈಕೋಸಿಸ್ ಇದ್ದು ದಾಖಲಾದವರಲ್ಲಿ ಕರಿಯ ಮಕ್ಕಳ ಪಾಲು ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಹೆಚ್ಚು, ಕಾನೂನಿನ ಬಲವಂತದಿಂದ ದಾಖಲಾಗುವ ಸಂಭವವೂ ಅವರಿಗೇ ಹೆಚ್ಚು.

ಲ್ಯಾಬಲ್ಲಿ ಕ್ಯಾಲಿಬ್ರೇಟ್ ಮಾಡದ ಸೆನ್ಸರ್ ಇಟ್ಟುಕೊಂಡು ರೀಡಿಂಗ್ ಬರೆದು ಬೈಸಿಕೊಂಡವರು ನಾವು, ಆದ್ದರಿಂದ ಇದು ಬೇಗ ಅರ್ಥವಾಯಿತು. ಎಷ್ಟು ಜನ ದಾಖಲಾದರು ಅನ್ನುವ ಸಂಖ್ಯೆ ಕಾಯಿಲೆಯನ್ನಷ್ಟೇ ಅಳೆಯಲ್ಲ. ಮೊದಲು ಗಮನಿಸಿದ್ದು ಟೀಚರೋ ಪೊಲೀಸರೋ, ವಿಮೆ ಇತ್ತಾ, ಡಾಕ್ಟರ್ ಜೊತೆ ತನ್ನ ಭಾಷೆಯಲ್ಲಿ ಮಾತಾಡೋಕೆ ಆಯಿತಾ, ಮನೆಯವರಿಗೆ ಆಸ್ಪತ್ರೆ ಮೇಲೆ ನಂಬಿಕೆ ಇದೆಯಾ, ಎಲ್ಲವೂ ಆ ಒಂದು ಅಂಕಿಯೊಳಗೆ ಸೇರಿಕೊಂಡಿರುತ್ತೆ.

ಏಷ್ಯಾ ಮೂಲದವರ ವಿಷಯ ಇನ್ನೂ ಗೊಂದಲದ್ದು. ಅಮೆರಿಕದಲ್ಲಿ ಇವರು ಮಾನಸಿಕ ಆರೋಗ್ಯ ಸೇವೆಯನ್ನು ಬಳಸುವುದು ಕಡಿಮೆ ಅಂತ 2001ರಲ್ಲಿ ಅಲ್ಲಿನ ಸರ್ಜನ್ ಜನರಲ್ ವರದಿಯೇ ಹೇಳಿತು. ಕಡಿಮೆ ಬಳಕೆ ಅಂದರೆ ಕಡಿಮೆ ನೋವು ಅಂತಲ್ಲ. ನಾಚಿಕೆ ಇದೆ, ಮನೆಯಲ್ಲೇ ಸರಿಮಾಡಿಕೊಳ್ಳುವ ಹಟ ಇದೆ. ಸಂಕಟ ಎಷ್ಟೋ ಸಲ ತಲೆನೋವು, ಹೊಟ್ಟೆನೋವು ಅಂತ ಹೊರಗೆ ಬರುತ್ತೆ. ಜೊತೆಗೆ ‘ಏಷ್ಯನ್ ಮಕ್ಕಳು ಓದೋದ್ರಲ್ಲಿ ಮುಂದೆ’ ಅನ್ನೋ ಹೊಗಳಿಕೆ. ಮಾರ್ಕ್ಸ್ ಬರ್ತಿರೋವರೆಗೂ ಯಾರಿಗೂ ಅನುಮಾನ ಬರಲ್ಲ. ಅಲ್ಲಿರುವ ಕನ್ನಡದ ಮನೆಗಳೂ ಈ ಲೆಕ್ಕದಲ್ಲೇ ಬರುತ್ತವೆ.

ಇಲ್ಲಿ ಓದು ನಿಲ್ಲಿಸಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಹಾಸ್ಟೆಲಲ್ಲಿ ಇಂಟರ್ನಲ್ಸ್ ವಾರದಲ್ಲಿ ‘ತಲೆನೋವು ಕಣೋ’ ಅಂತ ಬಾಗಿಲು ಹಾಕಿಕೊಂಡವರನ್ನು ನಾವು ಎಷ್ಟು ಸಲ ಕೇಳಿದ್ದೇವೆ? ಒಂದು ಡೋಲೋ ಕೊಟ್ಟು ಬಂದಿದ್ದೇವೆ, ಅಷ್ಟೇ.

ನಮ್ಮ ದೇಶದಲ್ಲಿ 2022ರಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ. ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೋದ ವಾರ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮೆಸ್ ಮೆನು ಪಕ್ಕ ಅಂಟಿಸಿದ್ದೇವೆ, ಎಲ್ಲರೂ ದಿನಾ ನೋಡೋದು ಅದೊಂದೇ ಗೋಡೆ.